ಕೊಳದ ಮೇಲೆ ಸಂಘದ ತಪ್ಪಲೆ

ನವೆಂಬರ್ ೧೨, ೨೦೨೨, ಶನಿವಾರ. ಕಾರ್ಲ್ಸ್‌ಬಾಡ್

ಇವತ್ತು ಬರೆಯದಿದ್ದರೆ ಯಾರ ಮೇಲಾದರೂ ಹರಿಹಾಯುತ್ತೇನೆ. ಮನೆಯಲ್ಲಿರುವವನು ನನ್ನ ಗಂಡ ಗಿರೀಶ ಒಬ್ಬನೇ. ಅವನ ಪುಣ್ಯ, ಮೇಜಿನ ಖಾನೆಯಲ್ಲಿ ಈ ಖಾಲಿ ಡೈರಿ ಸಿಕ್ಕಿತು.

ಬೆಳಿಗ್ಗೆ ನಮ್ಮ ಕನ್ನಡ ಸಂಘದ ಹೊಸ ಅಧ್ಯಕ್ಷ ಶ್ರೀಕರ್ ಬಂದಿದ್ದ. ಕೈಯಲ್ಲಿ ಹೂಗುಚ್ಛ. ಪ್ರತಿ ಹಬ್ಬಕ್ಕೂ ಅಕ್ಕಿ ಮೂಟೆ ಹೊತ್ತು ಬರುತ್ತಿದ್ದ ಹುಡುಗ ಹೂವು ಹಿಡಿದು ಬಂದಾಗಲೇ ಏನೋ ಎಡವಟ್ಟಾಗಿದೆ ಎಂದುಕೊಂಡೆ. ಸೋಫಾದ ಅಂಚಿನಲ್ಲಿ ಕೂತು ಗಂಟಲು ಸರಿಮಾಡಿಕೊಂಡ.

"ಆಂಟಿ, ಇಷ್ಟು ವರ್ಷ ಅಡುಗೆ ಪೂರ್ತಿ ನೀವೇ ನೋಡ್ಕೊಂಡ್ರಿ. ಮುಂದಿನ ಯುಗಾದಿಯಿಂದ ಕೇಟರಿಂಗ್ ಮಾಡಿಸೋಣ ಅಂತ ಕಮಿಟಿಯಲ್ಲಿ ಡಿಸೈಡ್ ಆಯ್ತು. ನೀವು ಇನ್ಮೇಲೆ ರೆಸ್ಟ್ ತಗೊಳ್ಳಿ."

ರೆಸ್ಟ್ ಅಂತೆ! ನಾನೇನು ಕಾಯಿಲೆ ಬಿದ್ದಿದ್ದೇನೆಯೇ? ಸಂಘ ಹುಟ್ಟಿದಾಗಿನಿಂದ ನಾನೂರು ಜನಕ್ಕೆ ಬಿಸಿಬೇಳೆಬಾತ್ ಮಾಡಿದ್ದೇನೆ, ಒಂದು ಸಲವೂ ತಳ ಹಿಡಿಸಿದವಳಲ್ಲ. ಈ ಊರಿನಲ್ಲಿ ಕನ್ನಡ ಮರೆತ ಮಕ್ಕಳಿದ್ದಾರೆ, ನನ್ನ ಬಿಸಿಬೇಳೆಬಾತ್ ಮರೆತ ಮಕ್ಕಳಿಲ್ಲ.

ಹೋಗುವಾಗ ಬಾಗಿಲಲ್ಲಿ ನಿಂತು, "ಪಾತ್ರೆಗಳನ್ನ ಯಾವಾಗಾದ್ರೂ ಬಂದು ತಗೊಂಡು ಹೋಗ್ತೀವಿ ಆಂಟಿ" ಎಂದ. ಸಂಘದ ತಪ್ಪಲೆಗಳೆಲ್ಲ ನಮ್ಮ ಗರಾಜಿನಲ್ಲಿವೆ. ದೊಡ್ಡ ಒಲೆ ಮಾತ್ರ ಅವನ ಮನೆಯಲ್ಲಿದೆ. "ನೋಡೋಣ" ಎಂದು ಬಾಗಿಲು ಹಾಕಿಕೊಂಡೆ. ಹೂವನ್ನು ನೀರಿಗೂ ಹಾಕಲಿಲ್ಲ.

ನವೆಂಬರ್ ೨೦, ಭಾನುವಾರ

ರಝಿಯಾ ಫೋನ್ ಮಾಡಿದ್ದಳು. ಮೈಸೂರಿನಲ್ಲಿ ನಾವಿಬ್ಬರೂ ಒಂದೇ ಕಾಲೇಜಿನ ಒಂದೇ ಬೆಂಚಿನವರು. ಅವಳ ಗಂಡ ಜಾಫರ್‌ಗೆ ರಕ್ತದ ಕಾಯಿಲೆ ಎಂದು ಗೊತ್ತಿತ್ತು. ಈಗ ಲಾಸ್ ಏಂಜಲೀಸ್‌ನಲ್ಲಿ ಬೋನ್ ಮ್ಯಾರೋ ಬದಲಾಯಿಸುತ್ತಾರಂತೆ. ಅದಾದ ಮೇಲೂ ವಸಂತ ಬರುವವರೆಗೆ ಆಸ್ಪತ್ರೆಯ ಹತ್ತಿರವೇ ಇರಬೇಕು. ಬರ್ಬ್ಯಾಂಕ್‌ನಲ್ಲಿ ಮಗಳು ನಮ್ರಾಳ ಮನೆಯಿದೆ, ಅದಕ್ಕೆ ತೊಂದರೆಯಿಲ್ಲ. ತೊಂದರೆ ಇರುವುದು ಜೂಲಿಯನ್ ಬೆಟ್ಟದ ಅವರ ಮನೆಯ ಕೊಳದ್ದು.

ರೆಡೊಂಡೊ ಬೀಚ್‌ನಲ್ಲಿ ಉಪಗ್ರಹದ ಬಿಡಿಭಾಗ ಮಾಡುತ್ತಿದ್ದ ಮನುಷ್ಯ, ರಿಟೈರ್ ಆದ ಮೇಲೆ ಬೆಟ್ಟ ಹತ್ತಿ, ತಾನೇ ಅಗೆದು ಕಟ್ಟಿದ ಕೊಳ. ಅದರ ತುಂಬ ಬಣ್ಣಬಣ್ಣದ ಕೋಯಿ ಮೀನುಗಳು. ಚಳಿಗಾಲದಲ್ಲಿ ನೀರು ಮೇಲೆ ಹೆಪ್ಪುಗಟ್ಟುತ್ತದೆ. ಒಂದು ಕಡೆಯಾದರೂ ಕಿಂಡಿ ತೆರೆದಿರದಿದ್ದರೆ ಒಳಗಿನ ಕೆಟ್ಟ ಗಾಳಿ ಹೊರಗೆ ಹೋಗದೆ ಮೀನು ಉಸಿರುಗಟ್ಟಿ ಸಾಯುತ್ತವೆ.

"ಯಾರಿಗಾದ್ರೂ ಕೊಟ್ಟುಬಿಡೋಣ ಅಂದೆ ರಾಜಿ. ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿಬಿಟ್ರು" ಎಂದಳು. ಅವಳ ದನಿ ಕೇಳಲಾಗಲಿಲ್ಲ.

"ನಾನು ಹೋಗಿ ಇರ್ತೀನಿ" ಎಂದೆ.

ಗಿರೀಶ ಓದುತ್ತಿದ್ದ ಪೇಪರು ಕೆಳಗಿಟ್ಟ. "ನೀನಾ? ಮೀನಿನ ಅಂಗಡಿ ಮುಂದೆ ಹೋಗೋವಾಗ ಮೂಗು ಮುಚ್ಚಿಕೊಳ್ಳೋಳು?"

"ಇವು ಬದುಕಿರೋ ಮೀನು" ಎಂದೆ.

ಆಮೇಲೆ ಜಾಫರೇ ಫೋನಿಗೆ ಬಂದರು. ದನಿ ಬಾವಿಯೊಳಗಿಂದ ಬಂದ ಹಾಗಿತ್ತು. "ಇದೊಂದು ಚಳಿಗಾಲ ದಾಟಿಸಿಬಿಡಿ ರಾಜಲಕ್ಷ್ಮಿಯವರೇ. ಮುಂದಿನ ಚಳಿಗಾಲದ ಮಾತು ನಾನು ಆಡಲ್ಲ."

"ಒಂದನ್ನೂ ಸಾಯಕ್ಕೆ ಬಿಡಲ್ಲ" ಎಂದುಬಿಟ್ಟೆ. ನಾನು ಮಾತು ಕೊಟ್ಟರೆ ಮುಗಿಯಿತು.

ಡಿಸೆಂಬರ್ ೧, ಗುರುವಾರ. ಜೂಲಿಯನ್

ಬಂದೆ. ಬರುವಾಗ ಸಂಘದ ತಪ್ಪಲೆಗಳನ್ನೆಲ್ಲ ವ್ಯಾನಿಗೆ ತುಂಬಿಕೊಂಡು ಬಂದೆ. "ಇವು ಯಾಕೆ?" ಎಂದು ಗಿರೀಶ ಕೇಳಿದ. "ಶ್ರೀಕರ್ ಬಂದರೆ ಖಾಲಿ ಗರಾಜು ನೋಡಲಿ" ಎಂದೆ. ಗಿರೀಶ ತಲೆ ಚಚ್ಚಿಕೊಂಡ. ಅವನಿಗೆ ಆಫೀಸು ಇದೆ, ಶನಿವಾರ ಶನಿವಾರ ಬರುತ್ತಾನೆ.

ಇದೂ ಸ್ಯಾನ್ ಡಿಯಾಗೋ ಜಿಲ್ಲೆಯೇ ಎಂದರೆ ನಂಬಲಾಗುವುದಿಲ್ಲ. ಕೆಳಗೆ ಜನ ಚಡ್ಡಿ ಹಾಕಿಕೊಂಡು ಬೀಚಿಗೆ ಹೋಗುತ್ತಿದ್ದಾರೆ, ಇಲ್ಲಿ ಬೆಳಿಗ್ಗೆ ಕಾರಿನ ಗಾಜು ಕೆರೆಯಬೇಕು. ಸುತ್ತ ಪೈನ್ ಮರ, ಓಕ್ ಮರ, ಎಲೆ ಉದುರಿದ ನಾಲ್ಕು ಸೇಬಿನ ಗಿಡ. ಅಡುಗೆಮನೆಯ ಬಾಗಿಲಿಂದ ಇಳಿದರೆ ಕೊಳ.

ಆ ಮೀನುಗಳು ತಳದಲ್ಲಿ ಸುಮ್ಮನೆ ಬಿದ್ದಿವೆ. ಕರೆದರೂ ಬರುವುದಿಲ್ಲ, ಓಡಿಸಿದರೂ ಹೋಗುವುದಿಲ್ಲ. ಚಳಿಗಾಲದಲ್ಲಿ ಅವಕ್ಕೆ ಏನೂ ಹಾಕಬಾರದಂತೆ. ನೋಡಿಕೊಳ್ಳುವುದಕ್ಕೆ ಇದರಲ್ಲಿ ಏನಿದೆ? ಗಾಳಿ ಊದುವ ಪಂಪು ಒಂದಿದೆ, ತೇಲುವ ಹೀಟರು ಒಂದಿದೆ. ಎಲ್ಲ ಕರೆಂಟಿನ ಕೆಲಸ. ದಿನಾ ಬೆಳಿಗ್ಗೆ ವಿಡಿಯೋ ಕಾಲ್‌ನಲ್ಲಿ ಜಾಫರ್‌ಗೆ ಕೊಳ ತೋರಿಸಬೇಕು, ಅಷ್ಟೇ.

ಡಿಸೆಂಬರ್ ೧೩, ಮಂಗಳವಾರ

ಮೈಯೆಲ್ಲ ಉರಿಯುತ್ತಿದೆ. ಬೆಳಿಗ್ಗೆ ಎದ್ದು ನೋಡಿದರೆ ಹೀಟರು ಸತ್ತಿದೆ, ಪಂಪಿನ ಕೊಳವೆ ಹೆಪ್ಪುಗಟ್ಟಿದೆ, ಕೊಳ ಈ ದಡದಿಂದ ಆ ದಡಕ್ಕೆ ಗಾಜಿನ ಹಾಗೆ ಮುಚ್ಚಿಕೊಂಡಿದೆ. ಕಿಂಡಿ ಇಲ್ಲವೇ ಇಲ್ಲ. ಶೆಡ್ಡಿನಿಂದ ಸುತ್ತಿಗೆ ತಂದು ಮೊದಲ ಏಟು ಹಾಕಿದೆ. ಮೊಬೈಲನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ, ಕಾಲ್ ಆನ್ ಆಗಿತ್ತು.

"ಹೊಡೀಬೇಡ್ರೀ!" ಎಂದು ಜಾಫರ್ ಕಿರುಚಿದರು. ಕಾಯಿಲೆಯ ಮನುಷ್ಯನಿಗೆ ಅಷ್ಟು ದನಿ ಎಲ್ಲಿತ್ತೋ. "ಆ ಏಟು ನೀರೊಳಗೆ ಹೋಗಿ ಮೀನಿಗೆ ಬಡಿಯುತ್ತೆ. ಸತ್ತೇ ಹೋಗ್ತವೆ!"

ಕುದಿಯುವ ನೀರು ಸುರಿಯುತ್ತೇನೆ ಎಂದೆ. ಅದೂ ಕೂಡದಂತೆ, ಒಮ್ಮೆಲೇ ಬಿಸಿ ತಾಗಿದರೂ ಅವು ಹೋಗುತ್ತವಂತೆ. "ಮತ್ತೇನು ಮಂತ್ರ ಹಾಕಲಾ?" ಎಂದು ರೇಗಿದೆ.

"ಪಾತ್ರೇಲಿ ಬಿಸಿನೀರು ಹಾಕಿ, ಪಾತ್ರೇನ ಹಿಮದ ಮೇಲೆ ಇಡಿ. ತಳದ ಬಿಸಿಗೆ ನಿಧಾನಕ್ಕೆ ಕರಗುತ್ತೆ. ಅಗಲ ತಳದ ಪಾತ್ರೆ ಬೇಕು. ನಮ್ಮನೇಲಿ ಎಲ್ಲಾ ಸಣ್ಣವೇ ಇರೋದು, ಅದೇ ಯೋಚನೆ."

ಅಗಲ ತಳದ ಪಾತ್ರೆ! ನನಗೆ ನಗು ತಡೆಯಲಾಗಲಿಲ್ಲ. ಒಂದು ತಪ್ಪಲೆಗೆ ಅರ್ಧ ಬಿಸಿನೀರು ತುಂಬಿ (ಪೂರ್ತಿ ತುಂಬಿದರೆ ಮುಳುಗುತ್ತದಂತೆ), ಎರಡು ಕಿವಿಗೂ ಹಗ್ಗ ಕಟ್ಟಿ, ಹಲಗೆ ಹಾಸಿ ಮೆಲ್ಲಗೆ ದಡದ ಹತ್ತಿರ ಹಿಮದ ಮೇಲೆ ಇಳಿಸಿದೆ. ಕಾಫಿ ಕುಡಿದು ಬರುವಷ್ಟರಲ್ಲಿ ಹಿಮ ದುಂಡಗೆ ಕರಗಿ, ತಪ್ಪಲೆ ನೀರಿನಲ್ಲಿ ತೇಲುತ್ತಿತ್ತು. ಹಗ್ಗ ಎಳೆದು ತೆಗೆದೆ. ಅಚ್ಚಿಟ್ಟು ಕೊರೆದ ಹಾಗೆ ಚೊಕ್ಕ ಕಿಂಡಿ.

"ಶಹಬ್ಬಾಸ್!" ಎಂದರು ಜಾಫರ್.

ಇದೇನು ಮಹಾ. ಒಲೆಯ ಮೇಲೂ ನಾನು ಇದನ್ನೇ ಮಾಡುತ್ತಾ ಬಂದಿರುವುದು.

ಡಿಸೆಂಬರ್ ೨೯, ಗುರುವಾರ

ಹೊಸ ಹೀಟರು ಬಂದಿದೆ, ಕೊಳವೆ ಸರಿಯಾಗಿದೆ. ಆದರೂ ಬೆಳಿಗ್ಗೆ ಒಂದು ತಪ್ಪಲೆ ಇಟ್ಟೇ ಇಡುತ್ತೇನೆ. ಯಂತ್ರದ ಮೇಲೆ ನನಗೆ ನಂಬಿಕೆಯಿಲ್ಲ.

ಹೊಸ ಬೋನ್ ಮ್ಯಾರೋ ಹಾಕಿ ಆಯಿತು. ಜಾಫರ್ ಬಾಯಲ್ಲೆಲ್ಲ ಹುಣ್ಣು, ಏನೂ ನುಂಗುವುದಿಲ್ಲ. ರಝಿಯಾ ಹೇಳಿದಳು: "ಬೆಳಿಗ್ಗೆ ನಿನ್ನ ಕಿಂಡಿ ನೋಡಿದ ಮೇಲೇ ನಾಲ್ಕು ಚಮಚ ಗಂಜಿ ಒಳಗೆ ಹೋಗೋದು ರಾಜಿ. ನೋಡದೇ ಇದ್ರೆ ಬಾಯಿ ಬಿಡಲ್ಲ." ಅದಕ್ಕೇ ಈಗ ತಲೆ ಬಾಚಿಕೊಳ್ಳುವ ಮೊದಲೇ ಕೊಳಕ್ಕೆ ಇಳಿಯುತ್ತೇನೆ.

ಮೀನುಗಳ ಹೆಸರೆಲ್ಲ ಹೇಳಿಕೊಟ್ಟಿದ್ದಾರೆ. ಬೆಳ್ಳಗಿನ ಮೈ, ಹಣೆಯಲ್ಲಿ ಕೆಂಪು ಬೊಟ್ಟು ಇರುವುದು ಬೇಗಂ. ಹಣೆಗೆ ಕುಂಕುಮ ಇಟ್ಟುಕೊಂಡ ಬೇಗಂ ಎಲ್ಲಾದರೂ ಉಂಟೇ ಎಂದೆ. "ನಮ್ಮ ಕೊಳದಲ್ಲಿ ಉಂಟು" ಎಂದರು. ಕಪ್ಪಗೆ ದಪ್ಪಗೆ, ಅಂಚಿನಲ್ಲೇ ಗಸ್ತು ತಿರುಗುವುದು ಹವಾಲ್ದಾರ್. ಇಷ್ಟು ಚಳಿಯಲ್ಲೂ ಅವನೊಬ್ಬ ಮಧ್ಯಾಹ್ನ ಒಂದು ಸುತ್ತು ಹಾಕುತ್ತಾನೆ.

ಶ್ರೀಕರ್ ಮೆಸೇಜ್ ಕಳಿಸಿದ್ದಾನೆ. ಯುಗಾದಿಯ ಪಾನಕಕ್ಕೆ, ಮಜ್ಜಿಗೆಗೆ ಪಾತ್ರೆ ಬೇಕಂತೆ. ಉತ್ತರ ಕೊಡಲಿಲ್ಲ.

ಜನವರಿ ೧೫, ೨೦೨೩, ಭಾನುವಾರ

ಸಂಕ್ರಾಂತಿ. ಗಿರೀಶನೂ ಬಂದಿದ್ದ. ಹುಗ್ಗಿ ಮಾಡಿದೆ, ಎಳ್ಳು ಬೆರೆಸಿದೆ. ಹಂಚುವುದಕ್ಕೆ ಈ ಬೆಟ್ಟದಲ್ಲಿ ಯಾರಿದ್ದಾರೆ? ಮೈಸೂರಿನಲ್ಲಿ ಇವತ್ತು ನಮ್ಮಜ್ಜಿ ಹಸುವಿಗೆ ಹುಗ್ಗಿ ಉಣ್ಣಿಸದೆ ನಮಗೆ ಎಲೆ ಹಾಕುತ್ತಿರಲಿಲ್ಲ. ಹಬ್ಬದ ದಿನ ಮನೆಯ ಬಾಯಿಲ್ಲದ ಜೀವ ಹಸಿದಿರಬಾರದು.

ಮಧ್ಯಾಹ್ನ ಬಿಸಿಲು ಚೆನ್ನಾಗಿತ್ತು. ಹವಾಲ್ದಾರ್ ಮೇಲೆ ಬಂದಿದ್ದ. ಹಿಂದೆಯೇ ಬೇಗಂ. ಎಷ್ಟು ದಿನದಿಂದ ಉಪವಾಸ ಪಾಪ! ಬೆರಳ ತುದಿಯಷ್ಟು ಹುಗ್ಗಿ ಹಾಕಿದೆ. ಹವಾಲ್ದಾರ್ ಗಬಕ್ಕನೆ ನುಂಗಿದ. ಬೇಗಂ ಮೂತಿ ತಾಗಿಸಿ ಬಿಟ್ಟಳು. ಅವಳ ಪಾಲನ್ನೂ ಅವನೇ ತಿಂದ. ಉಣ್ಣುವ ಬಾಯಿ ನೋಡಿ ಎಷ್ಟು ದಿನವಾಗಿತ್ತು ನನಗೆ! ಇನ್ನಷ್ಟು ಹಾಕಿದೆ.

ಜನವರಿ ೧೮, ಬುಧವಾರ

ಹವಾಲ್ದಾರ್ ಹೋದ.

ನಿನ್ನೆಯೇ ಪಕ್ಕಕ್ಕೆ ವಾಲಿದ್ದ. ಇವತ್ತು ಬೆಳಿಗ್ಗೆ ಕಿಂಡಿಯಲ್ಲಿ ಬಿಳಿ ಹೊಟ್ಟೆ ಮೇಲಾಗಿ ಬಂದಿದ್ದ. ತಣ್ಣನೆಯ ನೀರಿನಲ್ಲಿ ಮೀನಿನ ಹೊಟ್ಟೆ ಕೆಲಸ ಮಾಡುವುದಿಲ್ಲ, ತಿಂದದ್ದು ಒಳಗೇ ಕೊಳೆಯುತ್ತದೆ. ಹಾಕಬೇಡಿ ಎಂದು ಮೊದಲ ದಿನವೇ ಹೇಳಿದ್ದರು. ನಾನು ಕೇಳಿದೆ, ನನ್ನ ಕೈ ಕೇಳಲಿಲ್ಲ.

ಕಾಲ್ ಬಂತು. ಕಿಂಡಿಯನ್ನು ಮಾತ್ರ ತೋರಿಸಿ ಮುಗಿಸಬಹುದಿತ್ತು. ನಾನು ಅಂಥವಳಲ್ಲ. "ಹಬ್ಬಕ್ಕೆ ಹುಗ್ಗಿ ಹಾಕಿದೆ ಜಾಫರ್. ಹವಾಲ್ದಾರ್ ಸತ್ತ. ನಾನೇ ಕೊಂದೆ" ಎಂದೆ. ಅವರು ಫೋನು ಕೆಳಗಿಟ್ಟರು, ನನಗೆ ಬರೀ ಛಾವಣಿ ಕಂಡಿತು. ರಝಿಯಾ ಬಂದು ಕಟ್ ಮಾಡಿದಳು.

ಸೇಬಿನ ಗಿಡದ ಬುಡದಲ್ಲಿ ಹೂತೆ. ನೆಲ ಗಟ್ಟಿಯಾಗಿತ್ತು. ಮೀನು ಮುಟ್ಟಿದ್ದು ಇದೇ ಮೊದಲು.

ಜನವರಿ ೧೯, ಗುರುವಾರ

ಕಾಲ್ ಬರಲಿಲ್ಲ. ಕಿಂಡಿ ತೆರೆದೆ.

ಜನವರಿ ೨೦, ಶುಕ್ರವಾರ

ಕಾಲ್ ಬರಲಿಲ್ಲ. ಗಂಜಿ ಕುಡಿದರೋ ಇಲ್ಲವೋ. ಕೇಳುವುದಕ್ಕೆ ಮುಖವಿಲ್ಲ.

ಜನವರಿ ೨೧, ಶನಿವಾರ

ಬೆಳಿಗ್ಗೆ ಫೋನು ಹೊಡೆದುಕೊಂಡಾಗ ತಪ್ಪಲೆ ಎತ್ತುತ್ತಿದ್ದೆ, ಕೈಜಾರಿ ಕಾಲ ಮೇಲೆ ನೀರು ಚೆಲ್ಲಿಕೊಂಡೆ. ಜಾಫರ್!

"ಕಿಂಡಿ ತೋರಿಸಿ" ಎಂದರು. ತೋರಿಸಿದೆ. ಬಹಳ ಹೊತ್ತು ನೋಡಿದರು. ಕೂದಲೆಲ್ಲ ಉದುರಿದೆ, ಕಣ್ಣು ಮಾತ್ರ ದೊಡ್ಡದಾಗಿ ಕಾಣುತ್ತದೆ.

"ಹೊಟ್ಟೆ ತುಂಬ ಹಬ್ಬದ ಊಟ ಮಾಡಿ ಹೋದ ನಮ್ಮ ಹವಾಲ್ದಾರ್" ಎಂದರು. "ಆಸ್ಪತ್ರೇಲಿ ನಾನೂ ಅದನ್ನೇ ಕೇಳ್ತಾ ಇದ್ದೀನಿ ರಾಜಲಕ್ಷ್ಮಿಯವರೇ, ಒಂದು ಹಿಡಿ ರುಚಿಯಾದ್ದು ಕೊಡ್ರಪ್ಪಾ ಅಂತ. ಯಾರೂ ಕೊಡಲ್ಲ."

ಅವರು ನಕ್ಕರು, ನಾನು ಅತ್ತೆ. ಗಿರೀಶ ಹಿಂದೆ ನಿಂತಿದ್ದ, ನೋಡಿಯೂ ನೋಡದ ಹಾಗೆ ಹಗ್ಗ ಸುತ್ತತೊಡಗಿದ. ಇನ್ನು ಮೇಲೆ ಒಂದು ಮೀನನ್ನೂ ಬಿಟ್ಟುಕೊಡುವುದಿಲ್ಲ. ಈ ಮಾತನ್ನು ಯಾರಿಗೂ ಹೇಳಲಿಲ್ಲ, ಇಲ್ಲಿ ಬರೆದಿಡುತ್ತೇನೆ.

ಫೆಬ್ರವರಿ ೧೧, ಶನಿವಾರ

ಎಲ್ಲ ಚೆನ್ನಾಗಿದೆ. ಜಾಫರ್ ಆಸ್ಪತ್ರೆಯಿಂದ ನಮ್ರಾಳ ಮನೆಗೆ ಬಂದಿದ್ದಾರೆ. ಇವತ್ತು ಅರ್ಧ ಇಡ್ಲಿ ತಿಂದರು. ಅಡುಗೆಮನೆ ಕಿಟಕಿಯಿಂದ ಕೊಳ ಕಾಣುವ ಹಾಗೆ ಮೇಜು ತಿರುಗಿಸಿದ್ದೇನೆ.

ಗಿರೀಶ ದಡದ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ "ರಾಜಿಯ ಕಿಂಡಿ" ಎಂದು ಬರೆದಿದ್ದಾನೆ. ಇಲ್ಲಿ ದರ್ಶನ ಕೊಡುವವರು ನೀರಿನೊಳಗಿದ್ದಾರಂತೆ. ಅಳಿಸಬೇಕು ಎಂದುಕೊಂಡೆ, ಅಳಿಸಲಿಲ್ಲ.

ಫೆಬ್ರವರಿ ೨೫, ಶನಿವಾರ

ಹಿಮ ಎಂದರೆ ಇದು. ನಿನ್ನೆಯಿಂದ ಬಿಟ್ಟೂಬಿಡದೆ ಸುರಿಯುತ್ತಿದೆ. ಬೆಂಚು ಕಾಣುತ್ತಿಲ್ಲ, ವ್ಯಾನು ಒಂದು ಬಿಳಿ ಗುಡ್ಡೆ. ಬೆಳಿಗ್ಗೆ ಕರೆಂಟು ಹೋಯಿತು. ಪಂಪು ನಿಂತಿತು, ಹೀಟರು ನಿಂತಿತು. ಕೊಳ ಮುಚ್ಚಿಕೊಳ್ಳುವುದಕ್ಕೆ ಊಟದ ಹೊತ್ತೂ ಬೇಕಾಗಲಿಲ್ಲ.

ರಸ್ತೆ ಮುಚ್ಚಿದ್ದಾರೆ, ಗಿರೀಶ ಕೆಳಗೇ ಸಿಕ್ಕಿಹಾಕಿಕೊಂಡಿದ್ದಾನೆ. ನಾನು ಬೆದರುವವಳೇ? ಅಡುಗೆಮನೆಯ ಒಲೆ ಅಂಗಳದ ಗ್ಯಾಸ್ ಟ್ಯಾಂಕಿನದ್ದು. ಕಡ್ಡಿ ಗೀರಿದೆ, ಹತ್ತಿತು. ಎರಡು ತಪ್ಪಲೆ ಸರದಿಯ ಮೇಲೆ. ಒಂದು ಕೊಳದಲ್ಲಿ, ಒಂದು ಒಲೆಯ ಮೇಲೆ. ಗಿರೀಶನ ಹಳೆಯ ಜಾಕೆಟ್ಟು, ಜಾಫರ್‌ರ ರಬ್ಬರ್ ಬೂಟು. ಯಾರಾದರೂ ನೋಡಿದ್ದರೆ ಕರಡಿ ಎಂದು ಓಡಿಹೋಗುತ್ತಿದ್ದರು.

ಗಿರೀಶ ಫೋನಿನಲ್ಲಿ, "ಶ್ರೀಕರ್ ಹತ್ರ ದೊಡ್ಡ ಟ್ರಕ್ ಇದೆ ರಾಜಿ, ಹಿಮದಲ್ಲಿ ಟೈರಿಗೆ ಸುತ್ತೋ ಚೈನೂ ಇದೆ. ರೋಡ್ ಓಪನ್ ಆದ ಕೂಡಲೇ ಬಾ ಅಂತ ಒಂದು ಮಾತು ಹೇಳಲಾ?" ಎಂದ.

"ಅವನ ಹೆಸರು ನನ್ನ ಹತ್ರ ಎತ್ತಬೇಡ" ಎಂದೆ. ಇಷ್ಟು ಮಾಡಿದವಳಿಗೆ ಇದೊಂದು ದೊಡ್ಡದಲ್ಲ. ಜಾಫರ್‌ಗೆ ಕಿಂಡಿ ತೋರಿಸಿದೆ. "ನೀವು ಹುಲಿ ಕಣ್ರೀ" ಎಂದರು. ಹೌದು, ಹುಲಿಯೇ.

ಫೆಬ್ರವರಿ ೨೬, ಭಾನುವಾರ

ಮೆಟ್ಟಿಲಲ್ಲಿ ಜಾರಿ ಬಿದ್ದೆ. ಎಡಗೈ ಮಣಿಕಟ್ಟು ಊದಿದೆ. ತಪ್ಪಲೆಗೆ ಏನೂ ಆಗಿಲ್ಲ. ಕಿಂಡಿ ತೆರೆದಿದೆ. ಬರೆಯಲು ಆಗುತ್ತಿಲ್ಲ.

ಫೆಬ್ರವರಿ ೨೭, ಸೋಮವಾರ

ಗ್ಯಾಸಿನ ಮುಳ್ಳು ಕೆಂಪಿಗೆ ಇಳಿದಿದೆ. ತುಂಬಿಸುವ ಲಾರಿ ಈ ಹಿಮದಲ್ಲಿ ಬರುವುದಿಲ್ಲವಂತೆ. ಒಂದೇ ಕೈಯಲ್ಲಿ ತಪ್ಪಲೆ ಎತ್ತಲಾಗುತ್ತಿಲ್ಲ, ಸಣ್ಣ ಪಾತ್ರೆಯಲ್ಲಿ ಸ್ವಲ್ಪ ಸ್ವಲ್ಪ ಒಯ್ದು ಕೊಳದ ಮೇಲಿನ ತಪ್ಪಲೆಗೆ ಹಾಕಿದೆ. ಕಿಂಡಿ ತಟ್ಟೆಯಷ್ಟಾಗಿದೆ. ಬಗ್ಗಿ ನೋಡಿದರೆ ಬೇಗಂಳ ಬೊಟ್ಟು ಕಿಂಡಿಯ ಕೆಳಗೇ ಕಾಣುತ್ತಿದೆ. ತಳ ಬಿಟ್ಟು ಮೇಲೆ ಬಂದಿದ್ದಾಳೆ. ಉಸಿರಿಗೆ ಬಂದಿದ್ದಾಳೆ. ಅವಳ ಹಿಂದೆ ಉಳಿದವರು.

ಅಡುಗೆಮನೆಗೆ ಬಂದು ಶ್ರೀಕರ್‌ಗೆ ಫೋನ್ ಮಾಡಿದೆ.

"ಆಂಟಿ! ಹೇಗಿದ್ದೀರ? ಅಲ್ಲಿ ಸಿಕ್ಕಾಪಟ್ಟೆ ಸ್ನೋ ಅಂತ ಅಂಕಲ್..."

"ಯುಗಾದಿಗೆ ಪಾತ್ರೆ ಬೇಕು ಅಂದಿದ್ಯಲ್ಲ? ಬಂದು ತಗೊಂಡು ಹೋಗು."

"ಈಗ್ಲಾ ಆಂಟಿ?"

"ಇನ್ನು ಯಾವಾಗ? ಚೈನ್ ಹಾಕಿದ ಗಾಡಿ ಬಿಡ್ತಾರಂತೆ ನಾಳೆ ನಾಡಿದ್ದು. ಬರುವಾಗ ಸಂಘದ ದೊಡ್ಡ ಒಲೆ ತಾ. ತುಂಬಿದ ಸಿಲಿಂಡರ್ ತಾ, ಎಷ್ಟು ಸಿಗುತ್ತೋ ಅಷ್ಟು. ಬರೀ ಕೈಯಲ್ಲಿ ಬರಬೇಡ."

"ಆಂಟಿ, ನೀವು ಓಕೆನಾ?"

"ನಾನು ಓಕೆ. ಮೀನುಗಳು ಓಕೆ ಇಲ್ಲ" ಎಂದೆ. ದನಿ ಯಾಕೋ ಸರಿಯಾಗಿ ಬರಲಿಲ್ಲ, ಚಳಿಗೆ.

ಸಹಾಯಗಿಹಾಯ ಏನೂ ಕೇಳಿಲ್ಲ ನಾನು. ಪಾತ್ರೆ ತಗೊಂಡು ಹೋಗು ಎಂದೆ.

ಮಾರ್ಚ್ ೧, ಬುಧವಾರ

ಬಂದರು! ಶ್ರೀಕರ್, ಗಿರೀಶ, ಕಮಿಟಿಯ ಇನ್ನಿಬ್ಬರು. ಟ್ರಕ್ಕಿನ ಹಿಂದೆ ಸಂಘದ ಒಲೆ, ಸಾಲಾಗಿ ಸಿಲಿಂಡರು. ನಿನ್ನೆ ನಮ್ಮ ಒಲೆ ಆರಿಹೋಗಿತ್ತು. ಇದ್ದ ಉರಿಯಲ್ಲಿ ಕಾಸಿದ ಕೊನೆಯ ನೀರನ್ನು ಕಂಬಳಿ ಸುತ್ತಿ ಇಟ್ಟು, ಲೋಟ ಲೋಟ ತಪ್ಪಲೆಗೆ ಹಾಕುತ್ತಾ ಕೂತಿದ್ದೆ. ಕಿಂಡಿ ಬಟ್ಟಲಿನಷ್ಟು ಉಳಿದಿತ್ತು.

ಗಿರೀಶ ಮೊದಲು ನನ್ನ ಮಣಿಕಟ್ಟು ಹಿಡಿದು ನೋಡಿದ. "ಹಟಮಾರಿ" ಎಂದ. ಕಣ್ಣು ಒದ್ದೆಯಾಗಿತ್ತು ಅವನದು.

ಶ್ರೀಕರ್ ಕೊಳದ ಪಕ್ಕದಲ್ಲೇ ಹಿಮ ಸರಿಸಿ ಒಲೆ ಹೂಡಿದ. ಭರ್ ಎಂದು ಹತ್ತಿತು. ಆ ಸದ್ದು ಕೇಳಿ ಎಷ್ಟು ಸಮಾಧಾನವಾಯಿತು ಎಂದರೆ, ಅಲ್ಲೇ ಹಿಮದ ಮೇಲೆ ಕೂತುಬಿಟ್ಟೆ. ಅವನು ತಪ್ಪಲೆಗೆ ಬಾಯಿಮಟ್ಟ ನೀರು ತುಂಬುತ್ತಿದ್ದ. "ಅರ್ಧ! ಅರ್ಧ ಮಾತ್ರ! ಮುಳುಗಿಸ್ತೀಯಾ?" ಎಂದು ಕೂಗಿದೆ. "ಓಕೆ ಓಕೆ ಆಂಟಿ" ಎಂದು ಚೆಲ್ಲಿದ. ಹಲಗೆಯ ಮೇಲೆ ಬೋರಲು ಮಲಗಿ, ಹಗ್ಗ ಹಿಡಿದು, ಉಸಿರು ಬಿಗಿಹಿಡಿದು ಇಳಿಸಿದ. ಹುಡುಗನ ಕೈ ನಿಧಾನದ ಕೈ, ಅದನ್ನು ಒಪ್ಪಬೇಕು. ಮೂರು ತಪ್ಪಲೆ ಒಟ್ಟಿಗೆ ತೇಲಿದವು. ಮೂರರ ಹೊಟ್ಟೆಯ ಮೇಲೂ ಕೆಂಪು ಬಣ್ಣದಲ್ಲಿ ಸಂಘದ ಹೆಸರು.

ನಾಲ್ಕನೆಯದರಲ್ಲಿ ಉಪ್ಪಿಟ್ಟು ಮಾಡಿಸಿದೆ. ಒಲೆ ಹತ್ತಿದ ಮೇಲೆ ಜನ ಹಸಿದು ನಿಲ್ಲುವುದೇ? ಒಂದು ಕೈಯಲ್ಲಿ ನಾನು ತೋರಿಸಿದೆ, ಎರಡು ಕೈಯಲ್ಲಿ ಅವರು ಕೆದಕಿದರು.

ಬರ್ಬ್ಯಾಂಕ್‌ಗೆ ವಿಡಿಯೋ ಹಚ್ಚಿದರೆ ಜಾಫರ್, "ಇದೇನ್ರೀ, ಮದುವೆಮನೆ ಆಗೋಯ್ತು ನನ್ನ ಕೊಳ!" ಎಂದರು. ಎಲ್ಲರೂ ಕೈಬೀಸಿದರು. ಬೇಗಂ ಮಾತ್ರ ತೆಪ್ಪಗೆ ತಳಕ್ಕೆ ಇಳಿದುಹೋಗಿದ್ದಳು. ಇಳಿದಳೆಂದರೆ ಉಸಿರು ಸಾಕಾಯಿತು ಎಂದರ್ಥ. ಎಣಿಸಿದೆ. ಎಲ್ಲರೂ ಇದ್ದಾರೆ.

ಇಷ್ಟು ಹೆಮ್ಮೆ ನನಗೆ ನಾನೂರು ಜನದ ಪಂಕ್ತಿ ಎದ್ದಾಗಲೂ ಆಗಿರಲಿಲ್ಲ.

ಮಾರ್ಚ್ ೨೫, ಶನಿವಾರ. ಕಾರ್ಲ್ಸ್‌ಬಾಡ್

ಸಂಘದ ಯುಗಾದಿ. ಬೆಟ್ಟದಲ್ಲಿ ಹಿಮ ಕರಗಿದೆ, ಆದರೂ ಕೊಳದ ಹತ್ತಿರ ಗಿರೀಶನನ್ನು ಬಿಟ್ಟು ಬಂದೆ. ಯಾರೂ ನನ್ನನ್ನು ಅಡುಗೆಗೆ ಕರೆದಿರಲಿಲ್ಲ. ತಪ್ಪಲೆಗಳನ್ನು ಸರಿಯಾಗಿ ತೊಳೆಯುತ್ತಾರೋ ಇಲ್ಲವೋ ನೋಡಲು ಹೋದೆ.

ಸಭಾಂಗಣದ ಹಿಂಭಾಗಕ್ಕೆ ಹೋದರೆ ಒಲೆ ಹೂಡಿದೆ, ಬೇಳೆ ನೆನೆದಿದೆ, ಹುಣಸೆಹಣ್ಣು ಕಿವುಚಿಟ್ಟಿದೆ. ಶ್ರೀಕರ್ ತಲೆ ಕೆರೆದುಕೊಂಡು ನಿಂತಿದ್ದ. "ಕೇಟರಿಂಗ್ ಅರ್ಧ ಜನಕ್ಕೆ ಮಾತ್ರ ಹೇಳಿದ್ದೀನಿ ಆಂಟಿ. ಮಿಕ್ಕಿದ್ದು..."

"ನಾನು ಬರದೇ ಹೋಗಿದ್ರೆ?"

"ಬರ್ತೀರ ಅಂತ ಗೊತ್ತಿತ್ತು. ಪಾತ್ರೆ ಇ‌ಲ್ಲೇ ಇದ್ಯಲ್ಲ."

ಕಪಾಳಕ್ಕೆ ಕೊಡಬೇಕೆನಿಸಿತು, ಬೆನ್ನಿಗೆ ಒಂದು ಗುದ್ದು ಕೊಟ್ಟೆ. ಸೌಟು ಅವನ ಕೈಯಲ್ಲೇ ಬಿಟ್ಟು, ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತೆ. ಮಣಿಕಟ್ಟು ಇನ್ನೂ ನೋಯುತ್ತದೆ, ಅದಕ್ಕೆ. ಯಾವಾಗ ಉರಿ ತಗ್ಗಿಸಬೇಕು ಎಂದು ಹೇಳಿದೆ. ಒಂದು ಸಲ ನಾನು ಹೇಳುವ ಮೊದಲೇ ತಗ್ಗಿಸಿದ. ತಳ ಹಿಡಿಯಲಿಲ್ಲ.

ಏಪ್ರಿಲ್ ೨೨, ಶನಿವಾರ. ಜೂಲಿಯನ್

ಇವತ್ತು ಜಾಫರ್ ಮನೆಗೆ ಬಂದರು. ಈದ್ ಹಬ್ಬ. ಡಾಕ್ಟರು ಎರಡು ದಿನದ ಮಟ್ಟಿಗೆ ಒಪ್ಪಿದ್ದಾರೆ. ಮಾಸ್ಕ್ ಹಾಕಿರಬೇಕು, ಕೊಳದ ನೀರು ಮುಟ್ಟಕೂಡದು. ಸೇಬಿನ ಗಿಡಗಳು ಹೂ ಬಿಟ್ಟಿವೆ. ಗಿರೀಶ ದಡದಿಂದ ಸ್ವಲ್ಪ ದೂರ ಕುರ್ಚಿ ಹಾಕಿದ, ರಝಿಯಾ ಮೊಣಕಾಲಿಗೆ ಶಾಲು ಹೊದಿಸಿದಳು. ಮನುಷ್ಯ ಅರ್ಧ ಆಗಿದ್ದಾರೆ. ಟೋಪಿಯ ಕೆಳಗೆ ಹೊಸ ಕೂದಲು ಈಗ ತಾನೇ ಹುಟ್ಟುತ್ತಿದೆ.

ನೀರು ಬೆಚ್ಚಗಾಗಿದೆ, ಇನ್ನು ಆಹಾರ ಹಾಕಬಹುದು. ಅವರು ಬರಲಿ ಎಂದು ಇಷ್ಟು ದಿನ ಕಾಯಿಸಿದ್ದೆ. ಡಬ್ಬವನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಹೋದೆ. ಮುಚ್ಚಳ ತೆಗೆಯುವ ಮೊದಲೇ, ನನ್ನ ಹೆಜ್ಜೆಯ ಸದ್ದಿಗೇ ಎಲ್ಲರೂ ದಡಕ್ಕೆ ನುಗ್ಗಿ ಬಂದರು. ಬಾಯಿ ತೆರೆದುಕೊಂಡು ಮುಂದೆ ಬೇಗಂ.

"ನೋಡಿದ್ಯಾ ರಝಿಯಾ? ನನ್ನ ಬೇಗಂ ಪಾರ್ಟಿ ಬದಲಾಯಿಸಿಬಿಟ್ಟಳು!" ಎಂದು ಜಾಫರ್ ಮಾಸ್ಕಿನೊಳಗೇ ನಕ್ಕರು. ಹಾಕಿದೆ. ಉಣ್ಣುವ ಸದ್ದು ಚಪ್ ಚಪ್ ಎಂದು ಕೇಳಿಸುತ್ತಿತ್ತು. ಅವರು ಕೊಳದ ಅಂಚನ್ನು ಸುತ್ತ ಒಂದು ಸಲ ಕಣ್ಣಲ್ಲೇ ಹುಡುಕಿದರು, ನನಗೆ ಗೊತ್ತಾಯಿತು. "ಆ ಗಿಡದ ಕೆಳಗಿದ್ದಾನೆ" ಎಂದೆ. ಅವರು ತಿರುಗಿ ಗಿಡ ನೋಡಿದರು. "ಎಲ್ಲಕ್ಕಿಂತ ಅದೇ ಜಾಸ್ತಿ ಹೂ ಬಿಟ್ಟಿದೆ" ಎಂದರು.

ರಝಿಯಾ ಶೀರ್ ಖುರ್ಮಾ ಬಟ್ಟಲು ತಂದಳು. ಮೊದಲ ಬಟ್ಟಲು ನನಗೆ. ತಿನ್ನುತ್ತಿದ್ದೆ. ಜಾಫರ್ ನೀರಿನ ಕಡೆಯೇ ನೋಡುತ್ತಾ, ಏನೋ ಲೆಕ್ಕ ಹಾಕುವವರ ಹಾಗೆ ಹೇಳಿದರು:

"ಮುಂದಿನ ಚಳಿಗಾಲ ನೀವು ಬರೋದು ಬೇಡ ರಾಜಲಕ್ಷ್ಮಿಯವರೇ. ನಾನೇ ನೋಡ್ಕೋತೀನಿ. ನೀವು ರೆಸ್ಟ್ ತಗೊಳ್ಳಿ."

ರಝಿಯಾಳ ಕೈಯಲ್ಲಿದ್ದ ಬಟ್ಟಲು ಅಲ್ಲೇ ನಿಂತಿತು. ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

"ಆಗಲಿ ಜಾಫರ್" ಎಂದೆ. "ರೆಸ್ಟ್ ತಗೋತೀನಿ."

ಗಿರೀಶ ಎದ್ದು ಬಂದು ನನ್ನ ಹಣೆ ಮುಟ್ಟಿ, "ಜ್ವರಗಿರ ಬಂದಿದ್ಯೇನೇ?" ಎಂದ. ಅವನ ಕೈ ತಳ್ಳಿ ಇನ್ನೊಂದು ಬಟ್ಟಲು ಖುರ್ಮಾ ಹಾಕಿಸಿಕೊಂಡೆ. ಬಹಳ ಚೆನ್ನಾಗಿತ್ತು. ಸಕ್ಕರೆ ಒಂದು ಚೂರು ಮುಂದಾಗಿತ್ತು, ಇವತ್ತು ಹೇಳಲಿಲ್ಲ.

ಸಂಜೆ ಹೊರಡುವಾಗ ಒಂದು ತಪ್ಪಲೆಯನ್ನು ಶೆಡ್ಡಿನಲ್ಲಿಟ್ಟೆ. ಮಾರ್ಚ್‌ನಲ್ಲಿ ಶ್ರೀಕರ್ ಅದನ್ನು ಇಲ್ಲೇ ಬಿಟ್ಟುಹೋಗಿದ್ದ. ಎರಡು ಕಿವಿಗೂ ಹೊಸ ಹಗ್ಗ ಕಟ್ಟಿದೆ. ಒಳಗೆ ಅರ್ಧಕ್ಕೆ ಕೆಂಪು ಬಣ್ಣದಲ್ಲಿ ಗೆರೆ ಎಳೆದೆ, ಜಾಫರ್ ಮರೆತು ಪೂರ್ತಿ ತುಂಬಿಬಿಟ್ಟಾರು. ಬೆಟ್ಟ ಇಳಿಯುತ್ತಾ ಕಾರಿನಿಂದಲೇ ಶ್ರೀಕರ್‌ಗೆ ಫೋನ್ ಮಾಡಿದೆ.

"ಗಣೇಶನ ಹಬ್ಬಕ್ಕೆ ಒಂದು ತಪ್ಪಲೆ ಕಮ್ಮಿ ಇರುತ್ತೆ, ಹುಡುಕಬೇಡ" ಎಂದೆ. "ಅದು ಜಾಫರ್ ಹತ್ರ ಇದೆ. ಮುಂದಿನ ಚಳಿಗಾಲಕ್ಕೆ ಅವರಿಗೆ ಬೇಕು."